ಕಾಲೇಜು ಶುರುವಾಗೋಕೆ 19 ದಿನ, ಮಳೆ ಹಿಡಿದಿದೆ. ಕ್ಯಾಂಪಸ್ ಕೆಲಸ ಯಾವುದರಿಂದ ಶುರು ಮಾಡಲಿ?

ಸೀತಾಳೆದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಸಣ್ಣ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಇಲ್ಲಿಗೆ ಬಂದು ನಾಲ್ಕು ವರ್ಷ ಆಯಿತು. ಹೊಸ ವರ್ಷಕ್ಕೆ ಕಾಲೇಜನ್ನು ಸಿದ್ಧ ಮಾಡುವ ಕೆಲಸವನ್ನು ಪ್ರಾಂಶುಪಾಲರು ಈ ಸಲ ನನಗೆ ವಹಿಸಿದ್ದಾರೆ. ಬೀಗದ ಕೈ ಗೊಂಚಲು ಕೈಗಿಟ್ಟು "ನೀವೇ ನೋಡ್ಕೊಳ್ಳಿ ಮೇಡಂ" ಅಂದರು. ಎಣಿಸಿದೆ, 43 ಕೀ ಇವೆ. ಅದರಲ್ಲಿ 12 ಯಾವ ಬಾಗಿಲಿನವು ಅಂತ ಯಾರಿಗೂ ಗೊತ್ತಿಲ್ಲ.

ನಮ್ಮದು ಚಿಕ್ಕ ಕಾಲೇಜು. ಬಿಎ, ಬಿಕಾಂ, ಬಿಎಸ್ಸಿ ಎಲ್ಲ ಸೇರಿ 214 ಮಕ್ಕಳು, ಅದರಲ್ಲಿ 140ಕ್ಕೂ ಹೆಚ್ಚು ಹುಡುಗಿಯರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದೂರದ ಹಳ್ಳಿಗಳಿಂದಲೂ ಹುಡುಗಿಯರು ಬರುತ್ತಿದ್ದಾರೆ, ಅದು ನನಗೆ ತುಂಬಾ ಸಂತೋಷದ ವಿಷಯ. ಹೆಂಚಿನ ಹಳೆ ಕಟ್ಟಡದಲ್ಲಿ ಮೂರು ಕೋಣೆ, ಹಿಂದೆ ಎರಡು ಅಂತಸ್ತಿನ ಆರ್‌ಸಿಸಿ ಕಟ್ಟಡ. ಅಟೆಂಡರ್ ಒಬ್ಬರು, ಸ್ವಚ್ಛತೆಗೆ ಹೊರಗುತ್ತಿಗೆಯ ಇಬ್ಬರು ಅಮ್ಮಂದಿರು. ಕಾಲೇಜು ಅಭಿವೃದ್ಧಿ ಸಮಿತಿಯಿಂದ ಸಿಕ್ಕಿರುವುದು ₹70,000.

ನಿನ್ನೆ ಒಬ್ಬಳೇ ಒಂದು ಸುತ್ತು ಹಾಕಿದೆ. ಎರಡು ತಿಂಗಳು ಮುಚ್ಚಿದ್ದ ಕೋಣೆಗಳು. ಎರಡನೇ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಗೆದ್ದಲಿನ ಮಣ್ಣಿನ ಗೆರೆ, ಬೆರಳಿನಷ್ಟು ದಪ್ಪ. ನೆಲದಿಂದ ಹೊರಟು ಗೋಡೆ ಹತ್ತಿ ರೀಪಿನವರೆಗೆ ಹೋಗಿದೆ. ಉಗುರಿನಿಂದ ಕೆರೆದೆ, ಒಳಗೆ ಹುಳು ಓಡಾಡುತ್ತಿದ್ದವು. ಮೂರು ಕಡೆ ಹೆಂಚು ಸೋರುತ್ತಿದೆ.

ಆಮೇಲೆ ಹುಡುಗಿಯರ ಶೌಚಾಲಯಕ್ಕೆ ಹೋದೆ. ನಾಲ್ಕು ಬಾಗಿಲು ಇವೆ. ಎರಡಕ್ಕೆ ಚಿಲಕವೇ ಇಲ್ಲ. ಒಂದರಲ್ಲಿ ಚಿಲಕದ ಜಾಗದಲ್ಲಿ ಮೊಳೆ ಹೊಡೆದು, ಅದಕ್ಕೆ ದುಪಟ್ಟಾದ ಅಂಚು ಹರಿದು ಕಟ್ಟಿದ್ದಾರೆ. ತಿಳಿ ಗುಲಾಬಿ ಬಣ್ಣದ ಅಂಚು, ಹಿಡಿದು ಹಿಡಿದು ತುದಿ ಕಪ್ಪಾಗಿದೆ. ಒಳಗೆ ಹೋದವಳು ಅದನ್ನು ಕೈಯಲ್ಲಿ ಎಳೆದು ಹಿಡಿದುಕೊಂಡೇ ಕೂರಬೇಕು. ನಾಲ್ಕು ವರ್ಷದಿಂದ ಇವರಿಗೆ ಪಾಠ ಮಾಡುತ್ತಿದ್ದೇನೆ, ನನಗೆ ಇದು ಗೊತ್ತಿರಲಿಲ್ಲ. ನಮಗೆ ಬೇರೆ ಶೌಚಾಲಯ ಇದೆ, ಅದಕ್ಕೆ ಗೊತ್ತಾಗಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ಈಗ ಸಮಸ್ಯೆ ಏನೆಂದರೆ, ಸಮಿತಿಯ ಕೆಲವರು ಆ ದುಡ್ಡಿನಲ್ಲಿ ಮುಂಭಾಗಕ್ಕೆ ಬಣ್ಣ ಹೊಡೆಸಿ ಗೇಟಿಗೆ ಹೊಸ ಕಮಾನು ಹಾಕಿಸೋಣ ಅನ್ನುತ್ತಿದ್ದಾರೆ. ಅನುಭವ ಇರುವವರು ಹೇಳಿ. 19 ದಿನ, ₹70,000, ಸುರಿಯುವ ಮಳೆ. ಯಾವುದು ಮೊದಲು, ಯಾವುದು ಆಮೇಲೆ?

ನಿವೃತ್ತ ಸೂಪರಿಂಟೆಂಡೆಂಟ್:

ಮೇಡಂ, ನಾನು ಹಾವೇರಿ ಕಡೆಯವನು. 31 ವರ್ಷ ಕಾಲೇಜು ಕಚೇರಿಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಚಿಲಕದ ಮಾತು ಓದಿ ಮನಸ್ಸಿಗೆ ಚುಚ್ಚಿತು. ನಾಳೆ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಆ ಚಿಲಕ ತಂದು ಹಾಕಿಸಿಬಿಡಿ. ಸಭೆ, ಅನುಮೋದನೆ ಅಂತ ಕಾಯಬೇಡಿ. ಉಳಿದ ಮಾತು ಆಮೇಲೆ ಆಡೋಣ.

ಚಿಲಕ ಆಯ್ತಾ? ಈಗ ಕೇಳಿ.

ಮಳೆ ಹಿಡಿದ ಮೇಲೆ ಹೊರಗೋಡೆಗೆ ಬಣ್ಣ ಹೊಡೆಸುವುದು ದುಡ್ಡನ್ನು ನೀರಿಗೆ ಹಾಕಿದಂತೆ. ಗೋಡೆ ಒಳಗೆ ಹಸಿ ಇರುತ್ತದೆ, ಮೇಲೆ ಬಣ್ಣ ಕೂರುವುದಿಲ್ಲ. ದಸರಾ ಹೊತ್ತಿಗೆ ಬೊಬ್ಬೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬೀಳುತ್ತದೆ. ಸಮಿತಿಯವರಿಗೆ ಇಷ್ಟನ್ನೇ ಹೇಳಿ: "ಬಣ್ಣ ಬೇಡ ಅನ್ನುತ್ತಿಲ್ಲ, ದೀಪಾವಳಿ ಕಳೆಯಲಿ." ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲನೆಯದು ಛಾವಣಿ. ಹೆಂಚು ಇಳಿಸಿ ಕೂರಿಸುವವರನ್ನು ಇವತ್ತೇ ಹಿಡಿಯಿರಿ, ಮಳೆಗಾಲದಲ್ಲಿ ಅವರು ಸಿಗುವುದೇ ಕಷ್ಟ. ಹೊಸ ಹೆಂಚು ತರುವ ಮುಂಚೆ ಹಳೆಯದೊಂದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಒಂದು ಕಾರ್ಖಾನೆಯ ಹೆಂಚಿನ ಅಂಚು ಇನ್ನೊಂದರ ಅಂಚಿಗೆ ಸರಿಯಾಗಿ ಕೂರುವುದಿಲ್ಲ. ನಾವು ಒಮ್ಮೆ ಸುಮ್ನೆ 200 ಹೆಂಚು ತರಿಸಿ, ಒಂದೂ ಕೂರದೆ ವಾಪಸ್ ಕಳಿಸಿದ್ದೆವು. ಗಾಡಿ ಬಾಡಿಗೆ ಎರಡು ಸಲ ಕೊಟ್ಟೆವು. ಆರ್‌ಸಿಸಿ ಕಟ್ಟಡದ ತಾರಸಿಗೂ ಹತ್ತಿ ನೋಡಿ. ನೀರು ಇಳಿಯುವ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿರುತ್ತದೆ. ಒಂದು ಬುಟ್ಟಿ ಎಲೆ ತೆಗೆದರೆ ಅರ್ಧ ಸೋರಿಕೆ ನಿಲ್ಲುತ್ತದೆ.

ಎರಡನೆಯದು ನೀರು. ಸಂಪು ಇದೆ ತಾನೆ? ಎಷ್ಟು ಉದ್ದಗಲ? ಲೆಕ್ಕಕ್ಕೆ 10 ಅಡಿ ಉದ್ದ, 8 ಅಡಿ ಅಗಲ, 5 ಅಡಿ ಆಳ ಅಂತ ಇಟ್ಟುಕೊಳ್ಳಿ. 400 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಮೇಲೆ ಹಿಡಿಯುತ್ತದೆ, ಅಂದರೆ ಸುಮಾರು 11,300 ಲೀಟರ್. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರಿಗೆ 2.5 ಗ್ರಾಂ ಸಾಕು. ನಿಮಗೆ 28 ಗ್ರಾಂ ಆಯಿತು. ನಮ್ಮವರು ಬೊಗಸೆ ಬೊಗಸೆ ಸುರಿಯುತ್ತಾರೆ, ಮಕ್ಕಳು ವಾಸನೆಗೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ತೂಗಿಸಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ, ಮೇಲೆ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಹಾಕಿ, ತಳದ ಗಸಿ ಹೊರಗೆ ಚೆಲ್ಲಿ. ಒಂದು ತಾಸು ಆ ನೀರನ್ನು ಮುಟ್ಟಬೇಡಿ. ಕಳೆದ ವರ್ಷ ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಬೇಡ, ಅದರ ಶಕ್ತಿ ಹೋಗಿರುತ್ತದೆ.

ಇದೆಲ್ಲ ಸಂಪು ತೊಳೆದ ಮೇಲೆ. ತೊಳೆಯಲು ಯಾರನ್ನಾದರೂ ಇಳಿಸುವ ಮುಂಚೆ ಮುಚ್ಚಳ ತೆಗೆದು ಅರ್ಧ ದಿನ ಗಾಳಿಗೆ ಬಿಡಿ. ಇಳಿದವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ನಿಂತಿರಲಿ. ಶೌಚದ ಗುಂಡಿ ತುಂಬಿದ್ದರೆ ಮಾತ್ರ ಮನುಷ್ಯರನ್ನು ಇಳಿಸುವ ಮಾತೇ ಬೇಡ. 2013ರ ಕಾನೂನಿನ ಪ್ರಕಾರ ಅದು ಅಪರಾಧ. ಪಟ್ಟಣ ಪಂಚಾಯಿತಿಗೆ ಪತ್ರ ಕೊಟ್ಟು ಸಕ್ಕಿಂಗ್ ಗಾಡಿ ತರಿಸಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಆ ಇಬ್ಬರು ಅಮ್ಮಂದಿರಿಗೆ ನೀವೇ ಕೂರಿಸಿಕೊಂಡು ಹೇಳಿ. ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಒಟ್ಟಿಗೆ ಸೇರಬಾರದು. ನಾನಿದ್ದ ಒಂದು ಕಾಲೇಜಿನಲ್ಲಿ ಬೇಗ ಬೆಳ್ಳಗಾಗಲಿ ಅಂತ ಎರಡನ್ನೂ ಒಂದೇ ಕಡೆ ಸುರಿದರು. ಹಸಿರು ಹಳದಿ ಹೊಗೆ ಎದ್ದಿತು. ಅದು ಕ್ಲೋರಿನ್. ಆ ತಾಯಿ ಬಾಗಿಲಿಗೆ ಬಂದು ಕುಸಿದು ಕೂತರು. ಮೂರು ದಿನ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಬದುಕಿದರು, ಆದರೆ ಆ ಕೆಮ್ಮು ಪೂರ್ತಿ ಹೋಗಲೇ ಇಲ್ಲ. ಅವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಕೈಗವಸು, ಮಾಸ್ಕು, ಗಂಬೂಟು ಈ ₹70,000ದಲ್ಲೇ ಬರಲಿ.

ಕೊನೆಯದು. ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ಬರುತ್ತದೆ ನೋಡಿಕೊಳ್ಳಿ. ನಮ್ಮಲ್ಲಿ 8 ಗಂಟೆಗೆ ಬಸ್ಸು ಬರುತ್ತಿತ್ತು, ತರಗತಿ 10ಕ್ಕೆ. ಎರಡು ತಾಸು ಮಕ್ಕಳು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಒಂದು ಕೋಣೆ 8ಕ್ಕೇ ತೆರೆಯುವ ವ್ಯವಸ್ಥೆ ಮಾಡಿ. ಇದಕ್ಕೆ ದುಡ್ಡೇ ಬೇಡ, ಒಂದು ಕೀ ಸಾಕು.

ಬ್ಯೂರೆಟ್:

ಹಿರಿಯರು ಎಲ್ಲ ಹೇಳಿದ್ದಾರೆ. ನಾನು ರಸಾಯನಶಾಸ್ತ್ರದವನು, ಬಯಲುಸೀಮೆಯ ಒಂದು ಅನುದಾನಿತ ಕಾಲೇಜಿನಲ್ಲಿದ್ದೇನೆ. ಲ್ಯಾಬಿನ ಬಗ್ಗೆ ಮಾತ್ರ ಸೇರಿಸುತ್ತೇನೆ. ಕನ್ನಡ ಮೇಡಂಗೆ ಲ್ಯಾಬಿನ ಕೀ ಸಿಕ್ಕಿದೆ ಅಂದ ಮೇಲೆ ಇದೂ ಗೊತ್ತಿರಬೇಕು ಅಲ್ವಾ.

ಒಳಗೆ ಹೋದ ಕೂಡಲೇ ಸ್ವಿಚ್ ಮುಟ್ಟಬೇಡಿ. ಮೊದಲು ಕಿಟಕಿ ಎಲ್ಲ ತೆಗೆಯಿರಿ. ಎರಡು ತಿಂಗಳಲ್ಲಿ ಗ್ಯಾಸ್ ಸೋರಿದ್ದರೆ ಅದು ಗಾಳಿಗಿಂತ ಭಾರ, ನೆಲದಲ್ಲೇ ಕೂತಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ರಬ್ಬರ್ ಟ್ಯೂಬುಗಳನ್ನು ಬಗ್ಗಿಸಿ ನೋಡಿ. ಬಿರುಕು ಕಂಡದ್ದನ್ನು ತೆಗೆದು ಹಾಕಿ. ಜೋಡಣೆಯ ಕಡೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ ಅಂತ ಅರ್ಥ. ಬೆಂಕಿಕಡ್ಡಿ ಹಿಡಿದು ನೋಡುವವರೂ ಇದ್ದಾರೆ, ಅದನ್ನು ಯಾವತ್ತೂ ಮಾಡಬಾರದು.

ಕಪಾಟಿನ ಗಾಜಿನ ಮೇಲೆ ಬಿಳಿ ಪುಡಿ ಕೂತಿದೆಯಾ ನೋಡಿ. ಪ್ರತಿ ವರ್ಷ ನಮ್ಮ ಲ್ಯಾಬಿನಲ್ಲೂ ಕೂರುತ್ತಿತ್ತು. ಧೂಳು ಅಂದುಕೊಂಡು ಒರೆಸುತ್ತಿದ್ದರು. ಅದು ಧೂಳಲ್ಲ. ಹೈಡ್ರೋಕ್ಲೋರಿಕ್ ಆ್ಯಸಿಡ್ ಬಾಟಲಿ ಮತ್ತು ಅಮೋನಿಯಾ ಬಾಟಲಿ ಅಕ್ಕಪಕ್ಕ ಇಟ್ಟಿದ್ದರು. ಎರಡರ ಆವಿ ಸೇರಿ ಅಮೋನಿಯಂ ಕ್ಲೋರೈಡ್ ಆಗಿ ಕೂರುತ್ತದೆ. ತಕ್ಕಡಿಯ ಮೇಲೂ ಕೂತು ತೂಕ ಕೆಡಿಸುತ್ತದೆ, ಲೋಹ ತಿನ್ನುತ್ತದೆ. ಎರಡನ್ನೂ ಬೇರೆ ಬೇರೆ ಕಪಾಟಿಗೆ ಹಾಕಿದ ಮೇಲೆ ನಿಂತಿತು. ಹಾಗೆಯೇ ನೈಟ್ರಿಕ್ ಆ್ಯಸಿಡ್ ಪಕ್ಕದಲ್ಲಿ ಸ್ಪಿರಿಟ್, ಅಸಿಟೋನ್ ಇರಬಾರದು. ಸೋಡಿಯಂ ಇಟ್ಟ ಬಾಟಲಿಯಲ್ಲಿ ಸೀಮೆಎಣ್ಣೆ ಕಡಿಮೆಯಾಗಿದ್ದರೆ ನಿಮ್ಮ ಲ್ಯಾಬಿನವರಿಗೆ ಅವತ್ತೇ ಹೇಳಿ. ಚೀಟಿ ಅಳಿಸಿಹೋದ ಬಾಟಲಿಗಳನ್ನು ಮೂಸಿ ನೋಡಬೇಡಿ, ಸಿಂಕಿಗೆ ಸುರಿಯಲೂ ಬೇಡಿ. ಒಂದು ಕಡೆ ಎತ್ತಿಟ್ಟು ವಿಭಾಗದವರು ಬಂದಾಗ ತೋರಿಸಿ.

ಎರಡನೇ ಬೆಂಚು:

ಮೇಡಂ, ನಾನು ನಿಮ್ಮ ಕಡೆಯವಳೇ. ಅಂಥದ್ದೇ ಒಂದು ಕಾಲೇಜಿನಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನನಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕಿಕೊಂಡು, ಊರುಗೋಲು ಹಿಡಿದು ನಡೆಯುತ್ತೇನೆ.

ಮೊದಲ ವರ್ಷ ನನ್ನ ತರಗತಿ ಇದ್ದದ್ದು ಮೇಲಿನ ಮಹಡಿಯಲ್ಲಿ. 24 ಮೆಟ್ಟಿಲು. ಮಳೆಗಾಲದಲ್ಲಿ ಆ ಮೆಟ್ಟಿಲು ಒದ್ದೆಯಾಗಿ, ಊರುಗೋಲಿನ ರಬ್ಬರು ಜಾರುತ್ತಿತ್ತು. ನಾನು ಬೆಳಿಗ್ಗೆ ಹತ್ತಿದರೆ ಸಂಜೆವರೆಗೆ ಇಳಿಯುತ್ತಿರಲಿಲ್ಲ. ನೀರು ಕುಡಿದರೆ ಶೌಚಾಲಯಕ್ಕೆ ಇಳಿಯಬೇಕಲ್ಲ ಅಂತ ನೀರನ್ನೂ ಕುಡಿಯುತ್ತಿರಲಿಲ್ಲ. ಎರಡನೇ ವರ್ಷ ಇತಿಹಾಸದ ಸರ್ ಒಬ್ಬರು ಅದನ್ನು ಗಮನಿಸಿ, ವೇಳಾಪಟ್ಟಿಯಲ್ಲಿ ಎರಡು ಕೋಣೆ ಅದಲು ಬದಲು ಮಾಡಿದರು. ನಮ್ಮ ತರಗತಿ ಕೆಳಗೆ ಬಂತು. ಅಷ್ಟೇ. ಒಂದು ಪೆನ್ನಿನಲ್ಲಿ ಆಗುವ ಕೆಲಸ.

ಅದಕ್ಕೆ ಕೇಳಿಕೊಳ್ಳುತ್ತೇನೆ. ಅಡ್ಮಿಶನ್ ಅರ್ಜಿ ನೋಡುವಾಗಲೇ ಅಂಥ ಮಕ್ಕಳು ಯಾರಿದ್ದಾರೆ ಅಂತ ಬರೆದುಕೊಳ್ಳಿ, ಆಮೇಲೆ ಕೋಣೆ ಹಂಚಿ. ಇಳಿಜಾರು ಕಟ್ಟಿಸುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಿಮ್ಮ ಜಗಲಿ ಒಂದೂವರೆ ಅಡಿ ಎತ್ತರ ಇದ್ದರೆ 18 ಅಡಿ. ಮೇಸ್ತ್ರಿಗಳು ಜಾಗ ಇಲ್ಲ ಅಂತ ಆರಡಿಯಲ್ಲಿ ಮುಗಿಸುತ್ತಾರೆ. ಅದು ಜಾರುಬಂಡೆ ಆಗುತ್ತದೆ, ಗಾಲಿಕುರ್ಚಿ ಹತ್ತುವುದಿಲ್ಲ. ಕೈ ಹಿಡಿಯಲು ಪಕ್ಕದಲ್ಲಿ ಪೈಪು ಇರಲಿ. ಮೇಲ್ಮೈ ನುಣುಪು ಮಾಡಿಸಬೇಡಿ, ಗೀರು ಹಾಕಿಸಿ.

ಇನ್ನೊಂದು ನಮ್ಮ ಮಲೆನಾಡಿನ ಮಾತು. ಕೊಡೆ! ಐವತ್ತು ಮಕ್ಕಳ ಐವತ್ತು ಒದ್ದೆ ಕೊಡೆ ತರಗತಿಯೊಳಗೆ ಬಂದರೆ ನೆಲ ಕೆರೆ ಆಗುತ್ತದೆ. ಜಗಲಿಯಲ್ಲಿ ಅಡಿಕೆ ದಬ್ಬೆಯದೋ ಬಿದಿರಿನದೋ ಒಂದು ಗಳ ಕಟ್ಟಿಸಿ, ನೇತುಹಾಕಲಿ. ನಮ್ಮ ಅಪ್ಪ ಒಂದು ಮಧ್ಯಾಹ್ನ ಬಂದು ಕಟ್ಟಿಕೊಟ್ಟಿದ್ದರು. ಈಗಲೂ ಇದೆ.

ವೈರ್‌ಮನ್:

ಚುಟುಕಾಗಿ ಹೇಳ್ತೀನಿ ಮೇಡಂ. ಬೇಸಿಗೆಯಲ್ಲಿ ಇಲಿ ವೈರು ಕಡಿದಿರುತ್ತೆ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಇದ್ರೆ ಅದರ ಮೇಲೆ ಟಿ ಅಂತ ಒಂದು ಗುಂಡಿ ಇರುತ್ತೆ. ಕರೆಂಟು ಇರುವಾಗ ಒತ್ತಿ. ಟಪ್ ಅಂತ ಬೀಳಬೇಕು. ಬೀಳಲಿಲ್ಲ ಅಂದ್ರೆ ಅದು ಕೆಟ್ಟಿದೆ, ಬದಲಾಯಿಸಿ. ಅದು ಇಲ್ಲವೇ ಇಲ್ಲ ಅಂದ್ರೆ, ಕಮಾನಿನ ದುಡ್ಡಲ್ಲಿ ಮೊದಲು ಅದನ್ನ ಹಾಕಿಸಿ. 30 ಮಿಲಿಆಂಪಿಯರ್‌ದು ಕೇಳಿ ತಗೊಳ್ಳಿ. ಕುಡಿಯುವ ನೀರಿನ ಕೂಲರ್ ಇರೋ ಜಾಗ ಯಾವಾಗಲೂ ಒದ್ದೆ, ಮಕ್ಕಳು ಬರಿಗಾಲಲ್ಲಿ ನಲ್ಲಿ ಮುಟ್ಟುತ್ತಾರೆ. ಅದರ ಅರ್ಥಿಂಗ್ ವೈರು ಅರ್ಥಿಂಗ್ ಗುಂಡಿಯವರೆಗೂ ಹೋಗಿದೆಯಾ ಅಂತ ಲೈಸೆನ್ಸ್ ಇರುವವರ ಕೈಲಿ ನೋಡಿಸಿ. ನಾನು ನೋಡಿದ ಒಂದು ಕಡೆ ಆ ವೈರು ಗೋಡೆ ಹಿಂದೆ ಸುಮ್ನೆ ಸುತ್ತಿ ಇಟ್ಟಿದ್ರು.

ಮೂರು ಅಡ್ಮಿಶನ್:

ಎಲ್ಲರ ಮಾತೂ ಸರಿ. ಆದರೂ ಬಣ್ಣದ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಮ್ಮ ಕಾಲೇಜಿನಲ್ಲಿ ಒಂದು ವರ್ಷ ಬಿಎಸ್ಸಿಗೆ ಬಂದದ್ದು ಮೂರೇ ಅಡ್ಮಿಶನ್. ವಿಭಾಗವೇ ಮುಚ್ಚುವ ಹಂತಕ್ಕೆ ಬಂತು. ಅಪ್ಪ ಅಮ್ಮ ಬಂದು ಗೇಟಿನಲ್ಲಿ ನಿಂತು ಪಾಚಿ ಹಿಡಿದ ಗೋಡೆ ನೋಡಿದರೆ ಮಗಳನ್ನು ಸೇರಿಸಲು ಮನಸ್ಸು ಬರಲ್ಲ. ಪಕ್ಕದ ಖಾಸಗಿ ಕಾಲೇಜು ಫಳಫಳ ಅನ್ನುತ್ತಿರುತ್ತದೆ. ಮುಂಭಾಗ ಚೆನ್ನಾಗಿ ಕಾಣುವುದೂ ಮುಖ್ಯವೇ. ಬಣ್ಣ ಬೇಡ, ಪಾಚಿಯನ್ನಾದರೂ ತಂತಿ ಬ್ರಷ್ಷಿನಿಂದ ಉಜ್ಜಿಸಿ, ಬೋರ್ಡಿನ ಅಕ್ಷರ ಬರೆಸಿ.

ಹಾಗೇ ಗೇಟಿನ ಒಳಗೆ ಒಂದು ಮೇಜು, ಒಬ್ಬ ಮನುಷ್ಯ ಇರಲಿ. ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕೋಕೆ, ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನೋಂದಾಯಿಸೋಕೆ ಹಳ್ಳಿ ಮಕ್ಕಳು ಸೈಬರ್ ಅಂಗಡಿಯಲ್ಲಿ ದುಡ್ಡು ಕೊಡುತ್ತಾರೆ. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಇದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲೇ ಕೂರಿಸಿ ಮಾಡಿಸಿಕೊಟ್ಟೆವು. ಮರುವರ್ಷ ಬಿಎಸ್ಸಿಗೆ 19 ಮಕ್ಕಳು ಬಂದರು. ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522, ಅದನ್ನೂ ಅಲ್ಲೇ ಹಾಕಿ.

ನಿವೃತ್ತ ಸೂಪರಿಂಟೆಂಡೆಂಟ್:

ಪಾಚಿ ಉಜ್ಜಿಸುವ ಮಾತು ಒಪ್ಪಿದೆ. ಅದಕ್ಕೆ ಎನ್‌ಎಸ್‌ಎಸ್ ಮಕ್ಕಳನ್ನು ಕರೆಯಿರಿ, ವರ್ಷಕ್ಕೆ 120 ಗಂಟೆ ಅವರದ್ದೇ ಇದೆ. ಆದರೆ ಹಳೆ ಬೆಂಚುಗಳ ರಾಶಿಗೆ, ಗಿಡಗಂಟಿಯ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ. ಎರಡು ತಿಂಗಳು ಮುಟ್ಟದ ರಾಶಿಯಲ್ಲಿ ಹಾವು ಇರಬಹುದು. ಗಂಬೂಟು ಹಾಕಿದ ದೊಡ್ಡವರು, ಉದ್ದ ಕೋಲಿನಿಂದ ಮೊದಲು ಸದ್ದು ಮಾಡಿ ಸರಿಸಲಿ. ಯಾರಿಗಾದರೂ ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ, 108ಕ್ಕೆ ಕರೆ ಮಾಡಿ. ಒಡೆದ ಬಕೆಟ್, ಹೂಕುಂಡದ ತಟ್ಟೆ, ತಾರಸಿಯ ಮೇಲಿನ ಟೈರು ಎಲ್ಲ ಬೋರಲು ಹಾಕಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ಒಂದು ದಿನ ಇದಕ್ಕೇ ಅಂತ ಇಟ್ಟುಬಿಡಿ.

ಸೀತಾಳೆದಂಡೆ:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಆರು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಮರುದಿನವೇ ಚಿಲಕ ಹಾಕಿಸಿದೆ. ನಾಲ್ಕು ಬಾಗಿಲಿಗೂ ಹೊಸದು, ಹುಡುಗರ ಕಡೆಯ ಮೂರಕ್ಕೂ. ಒಳಗೆ ಚೀಲ ನೇತುಹಾಕಲು ಒಂದೊಂದು ಕೊಂಡಿ. ಎಲ್ಲ ಸೇರಿ ₹1,500 ದಾಟಲಿಲ್ಲ. ಆ ದುಪಟ್ಟಾದ ಅಂಚನ್ನು ಬಿಚ್ಚಿ ಸಮಿತಿಯ ಸಭೆಗೆ ತೆಗೆದುಕೊಂಡು ಹೋದೆ. ಮೇಜಿನ ಮೇಲೆ ಇಟ್ಟು, ಇದು ಎಲ್ಲಿತ್ತು ಅಂತ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಮಾನು ಬೇಕು ಅಂದಿದ್ದ ಹಿರಿಯರೇ "ಮೊದಲು ಅದು ನೋಡಿ" ಅಂದರು. ಅವರ ಮೊಮ್ಮಗಳು ಈ ವರ್ಷ ನಮ್ಮಲ್ಲೇ ಬಿಕಾಂಗೆ ಸೇರುತ್ತಿದ್ದಾಳಂತೆ. ಹೆಂಚಿನವರನ್ನೂ ಅವರೇ ಕಳಿಸಿಕೊಟ್ಟರು. ಹಳೆ ಹೆಂಚು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಎರಡನೇ ಅಂಗಡಿಯಲ್ಲಿ ಸರಿಹೊಂದುವುದು ಸಿಕ್ಕಿತು.

ಸಂಪು ಅಳೆದೆ. 9 ಅಡಿ, 7 ಅಡಿ, ಆಳ 5. ಸುಮಾರು 8,900 ಲೀಟರ್, 22 ಗ್ರಾಂ ಪುಡಿ. ತಕ್ಕಡಿ ತರಲು ಲ್ಯಾಬಿಗೆ ಹೋದಾಗ ಕಪಾಟಿನ ಗಾಜಿನ ಮೇಲೆ ಬಿಳಿ ಪುಡಿ! ಬ್ಯೂರೆಟ್ ಸರ್ ಹೇಳಿದ ಎರಡೂ ಬಾಟಲಿ ಮೈಗೆ ಮೈ ತಾಗಿಸಿಕೊಂಡು ನಿಂತಿದ್ದವು. ಬೇರೆ ಮಾಡಿಸಿದ್ದೇವೆ. ಸಂಪಿನ ತಳದಲ್ಲಿ ಗೇಣುದ್ದ ಕೆಸರು, ಅದರಲ್ಲಿ ಒಂದು ಸ್ಟೀಲ್ ಲೋಟ ಸಿಕ್ಕಿತು. ನಮ್ಮ ಇಬ್ಬರು ಅಮ್ಮಂದಿರ ಜೊತೆ ಚಹಾ ಕುಡಿಯುತ್ತಾ ಆ್ಯಸಿಡ್ಡಿನ ಮಾತು ಹೇಳಿದೆ. ಒಬ್ಬರು "ನಾವು ಎರಡೂ ಸೇರಿಸೇ ಹಾಕ್ತಿದ್ವಿ ಮೇಡಂ, ಕಣ್ಣು ಉರೀತದೆ ಅಂತ ಸೆರಗು ಮುಚ್ಕೊಳ್ತಿದ್ವಿ" ಅಂದರು. ಸರ್, ನೀವು ಬರೆಯದಿದ್ದರೆ ನನಗೂ ತಿಳಿಯುತ್ತಿರಲಿಲ್ಲ.

ಕ್ಯಾಲಿಪರ್ ಹಾಕುವ ಒಬ್ಬ ಹುಡುಗ ಈ ಸಲ ಬಿಎಗೆ ಅರ್ಜಿ ಹಾಕಿದ್ದಾನೆ. ಮೊದಲ ವರ್ಷದ ಬಿಎ ಹೆಂಚಿನ ಕಟ್ಟಡದ ಮೊದಲ ಕೋಣೆಗೆ ಬಂತು. ಜಗಲಿ ಅಳೆದರೆ ಒಂದು ಅಡಿ ಎರಡು ಅಂಗುಲ, ಅಂದರೆ 14 ಅಡಿ ಇಳಿಜಾರು. ಮೇಸ್ತ್ರಿ ಎಂಟು ಅಡಿ ಸಾಕು ಅಂದರು. ನಾನು ಬಿಡಲಿಲ್ಲ. ನಾಳೆ ಬಿಸಿಲು ಬಂದರೆ ಶುರು.

12 ಕೀಗಳಲ್ಲಿ ಏಳಕ್ಕೆ ಬಾಗಿಲು ಸಿಕ್ಕಿತು. ಒಂದು ಕೀ ಗ್ರಂಥಾಲಯದ ಹಿಂದಿನ ಸಣ್ಣ ಕೋಣೆಯದು. ಗಾಳಿ ಬೆಳಕು ಚೆನ್ನಾಗಿದೆ, ಒಳಗೆ ಹಳೆ ಉತ್ತರಪತ್ರಿಕೆ ಮತ್ತು ಮುರಿದ ಕುರ್ಚಿ ತುಂಬಿದ್ದರು. ನಮ್ಮ ಮೊದಲ ಬಸ್ಸು ಬರುವುದು 8:10ಕ್ಕೆ. ಆ ಕೋಣೆಯನ್ನು ಖಾಲಿ ಮಾಡಿಸಿ ನಾಲ್ಕು ಬೆಂಚು ಹಾಕಿಸಿದ್ದೇನೆ. ಬಸ್ ನಿಲ್ದಾಣದ ಎದುರೇ ಅಟೆಂಡರ್ ಅವರ ಮನೆ. 8ಕ್ಕೆ ಬಂದು ತೆಗೆಯುತ್ತೇನೆ ಅಂದಿದ್ದಾರೆ, ಅವರನ್ನು ಸಂಜೆ ಒಂದು ತಾಸು ಬೇಗ ಬಿಡುವುದಕ್ಕೆ ಪ್ರಾಂಶುಪಾಲರು ಒಪ್ಪಿದ್ದಾರೆ.

ಎರಡನೇ ಬೆಂಚು, ನಿಮ್ಮ ಅಪ್ಪ ಕಟ್ಟಿದ ಕೊಡೆಯ ಗಳ ನೆಲದಿಂದ ಎಷ್ಟು ಎತ್ತರದಲ್ಲಿತ್ತು? ಅಡಿಕೆ ದಬ್ಬೆ ಬಂದಿದೆ.

ಎರಡನೇ ಬೆಂಚು:

ಅಪ್ಪನಿಗೆ ಫೋನ್ ಮಾಡಿ ಕೇಳಿದೆ ಮೇಡಂ. ನನ್ನ ಭುಜದ ಎತ್ತರಕ್ಕೆ ಕಟ್ಟಿದ್ದರಂತೆ, ಊರುಗೋಲು ಬಿಡದೆ ಒಂದೇ ಕೈಯಲ್ಲಿ ಕೊಡೆ ಸಿಕ್ಕಿಸಲಿ ಅಂತ. ನಾಲ್ಕು ಅಡಿ. ನಡುವೆ ಆರಡಿಗೊಂದು ಊರೆ ಕೊಡಿ, ಇಲ್ಲದಿದ್ದರೆ ಒದ್ದೆ ಕೊಡೆಯ ಭಾರಕ್ಕೆ ಬಾಗುತ್ತದೆ ಅಂದರು.